ಸೆರೆಂಗೆಟಿಯ ಹುಲ್ಲು, ಹೂಲಿಯ ಗಾಯರಾಣ

ಆಫ್ರಿಕದ ಸಫಾರಿಗೆ ಹೋಗಿ ಬಂದವರ ಮಾತಿನಲ್ಲಿ ಸಿಂಹ, ಆನೆ, ಜಿರಾಫೆಗಳು ತಪ್ಪದೆ ಬರುತ್ತವೆ. ಹುಲ್ಲಿನ ಪ್ರಸ್ತಾಪ ಬರುವುದು ಅಪರೂಪ. ಟಾಂಜಾನಿಯದ ಸೆರೆಂಗೆಟಿ ಬಯಲಿನಲ್ಲಿ ಕೆಲವು ದಿನ ಕಳೆಯುವ ಅವಕಾಶ ದೊರೆತಾಗ, ವೃತ್ತಿಯ ಅಭ್ಯಾಸದಿಂದಲೋ ಏನೋ, ನನ್ನ ಕಣ್ಣು ಮೊದಲು ಹೋದದ್ದು ನೆಲದ ಕಡೆಗೆ. ಜೊತೆಯವರು ದುರ್ಬೀನು ಹಿಡಿದು ಸಿಂಹಿಣಿಯನ್ನು ಅರಸುತ್ತಿದ್ದರು. ಜೀಪಿನ ಗಾಲಿಯ ಬದಿಯಲ್ಲಿ ನಮ್ಮ ಗರಿಕೆಯೇ ಹಬ್ಬಿತ್ತು. ತುಸು ಆಚೆಗೆ ಕೆಂಪು ತೆನೆಯ ಥೆಮೆಡ ಹುಲ್ಲು. ದಖ್ಖನ್ನಿನ ಇಳಿಜಾರುಗಳಲ್ಲೂ ಬೆಳೆಯುವ ಹುಲ್ಲು ಅದು.

ಈ ನಂಟು ಆಕಸ್ಮಿಕವಲ್ಲ. ಸೆರೆಂಗೆಟಿಯ ಆಗ್ನೇಯ ಬಯಲಿಗೆ ಬೀಳುವ ಮಳೆ ನಮ್ಮ ಸವದತ್ತಿ ಸೀಮೆಯಂತೆಯೇ ವರ್ಷಕ್ಕೆ ಐದಾರು ನೂರು ಮಿಲಿಮೀಟರ್. ನಾಲ್ಕು ತಿಂಗಳು ಹಸಿರು, ಉಳಿದ ಕಾಲ ಬಿಸಿಲು. ಇಂಥ ನೆಲದಲ್ಲಿ ದಟ್ಟ ಕಾಡು ಏಳುವುದಿಲ್ಲ, ಹುಲ್ಲು ಗೆಲ್ಲುತ್ತದೆ. ನಮ್ಮ ಅಡುಗೆಮನೆಯೂ ಇದಕ್ಕೆ ಸಾಕ್ಷಿ. ಜೋಳವನ್ನು ಮನುಷ್ಯ ಮೊದಲು ಪಳಗಿಸಿದ್ದು ಸುಡಾನಿನ ಸೀಮೆಯಲ್ಲಿ, ಸಜ್ಜೆಯನ್ನು ಪಶ್ಚಿಮ ಆಫ್ರಿಕದಲ್ಲಿ, ರಾಗಿಯನ್ನು ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಈ ಹುಲ್ಲುಗಳು ಇಲ್ಲಿ ಬೇರೂರಿದ್ದು ಮಣ್ಣೂ ಮಳೆಯೂ ಒಗ್ಗಿದ್ದರಿಂದ. ನಮ್ಮ ರೊಟ್ಟಿಯ ತವರುಮನೆಯನ್ನು ನೋಡಲು ನಾವು ಲಕ್ಷಗಟ್ಟಲೆ ವೆಚ್ಚ ಮಾಡಿ ಹೋಗುತ್ತಿದ್ದೇವೆ ಎಂದರೂ ತಪ್ಪಾಗದು.

ಪ್ರಾಣಿಗಳ ವಿಷಯದಲ್ಲೂ ನಾವು ಬಡವರಾಗಿರಲಿಲ್ಲ. ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಬಯಲು-ಗುಡ್ಡಗಳು ಚಿಗರಿ, ಚಿಂಕಾರ, ತೋಳ, ಕತ್ತೆಕಿರುಬಗಳ ನೆಲೆ. ಹೂಲಿಯ ಪಂಚಲಿಂಗೇಶ್ವರ ಗುಡಿ ಕಂಡ ಚಾಲುಕ್ಯರ ಕಾಲದಲ್ಲಿಯೇ, 12ನೆಯ ಶತಮಾನದ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಪಳಗಿಸಿದ ಸಿವಂಗಿಯನ್ನು ಜಿಂಕೆಗಳ ಬೆನ್ನಿಗೆ ಬಿಡುವ ಬೇಟೆಯ ವಿವರ ಬರುತ್ತದೆ. ಆ ಸಿವಂಗಿ ದೇಶದಿಂದಲೇ ಅಳಿದುಹೋಯಿತೆಂದು 1952ರಲ್ಲಿ ಘೋಷಣೆಯಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ಎಂಟು ಸಿವಂಗಿಗಳನ್ನು ವಿಮಾನದಲ್ಲಿ ಮಧ್ಯಪ್ರದೇಶದ ಕುನೋಗೆ ತರಲಾಯಿತು. ಪ್ರಾಣಿಯನ್ನು ವಿಮಾನದಲ್ಲಿ ತರಬಹುದು, ಹುಲ್ಲುಗಾವಲನ್ನು ತರಲಾಗದು.

ಆ ಹುಲ್ಲುಗಾವಲಿಗೆ ನಮ್ಮ ಕಾಗದಪತ್ರಗಳಲ್ಲಿರುವ ಹೆಸರುಗಳನ್ನು ನೋಡಿ: ಖರಾಬು, ಪಡ, ಬಂಜರು. ಕೇಂದ್ರ ಸರ್ಕಾರದ ಬಂಜರುಭೂಮಿ ನಕಾಶೆಯಲ್ಲಿ ಕುರುಚಲು ಬಯಲೂ ಒಂದು ವರ್ಗ. ಹೆಸರು ಹೀಗಿದ್ದ ಮೇಲೆ ಗಾಳಿಯಂತ್ರ, ಸೌರಫಲಕ, ಕಲ್ಲುಗಣಿ ಯಾವುದಕ್ಕೂ ಆ ನೆಲವನ್ನು ಕೊಡಲು ಕೈ ನಡುಗುವುದಿಲ್ಲ. ಪರಿಸರದ ಹೆಸರಿನಲ್ಲಿ ಆಗುವ ಹಾನಿಯೂ ಕಡಿಮೆಯದಲ್ಲ. ಚಿಗರಿಗಳಿಗಾಗಿಯೇ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದಲ್ಲಿ ನೀಲಗಿರಿ ತೋಪು ಬೆಳೆಯಿತು. ಅಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗ ಕಾಣದು. ತೆರೆದ ಬಯಲಿನಲ್ಲಿ ಓಡಿ ಬದುಕುವ ಪ್ರಾಣಿಗೆ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ತೋಪು ನೆರಳಲ್ಲ, ಗೋಡೆ. ಜೂನ್ 5 ಬಂದೊಡನೆ ಗಾಯರಾಣದಲ್ಲಿ ಗುಂಡಿ ತೋಡುವ ಉತ್ಸಾಹಿಗಳು ಸಸಿಗಳನ್ನು ಊರ ರಸ್ತೆಗೆ, ಹೊಲದ ಬದುವಿಗೆ ಒಯ್ದರೆ ದೊಡ್ಡ ಉಪಕಾರವಾದೀತು. ಬಳ್ಳಾರಿ ಜಾಲಿಯಂತೂ ಯಾರೂ ನೆಡದೆಯೇ ಹುಲ್ಲನ್ನು ನುಂಗುತ್ತಿದೆ.

ಸೆರೆಂಗೆಟಿಯಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಜೀಪಿನಿಂದ ಕಾಣುವಂಥದ್ದಲ್ಲ. ಮಾರಾ ನದಿಯನ್ನು ಹಿಂಡುಹಿಂಡಾಗಿ ದಾಟುವ, ದನದ ಮೋರೆಯ ವಿಲ್ಡೆಬೀಸ್ಟ್ ಜಿಂಕೆಗಳ ಚಿತ್ರವನ್ನು ವಿದ್ಯಾರ್ಥಿಗಳು ಟಿವಿಯಲ್ಲಿ ನೋಡಿರಬಹುದು. 1890ರ ದಶಕದಲ್ಲಿ ಪೂರ್ವ ಆಫ್ರಿಕಕ್ಕೆ ಹಬ್ಬಿದ ರಿಂಡರ್‌ಪೆಸ್ಟ್, ಅಂದರೆ ನಮ್ಮ ಹಿರಿಯರು ದನಗಳ ದೊಡ್ಡ ಬೇನೆ ಎನ್ನುತ್ತಿದ್ದ ರೋಗ, ದನಗಳೊಡನೆ ಈ ಜಿಂಕೆಗಳನ್ನೂ ಬಲಿ ತೆಗೆದುಕೊಂಡಿತು. 1961ರ ಸುಮಾರಿಗೆ ಇದ್ದದ್ದು ಎರಡೂವರೆ ಲಕ್ಷ. ಬಳಿಕ ಸುತ್ತಲಿನ ಪಶುಪಾಲಕರ ದನಗಳಿಗೆ ಲಸಿಕೆ ಹಾಕಿದರು. ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚಲಿಲ್ಲ. ದನಗಳಲ್ಲಿ ರೋಗ ನಿಂತಿತು, ಜಿಂಕೆಗಳಲ್ಲೂ ನಿಂತಿತು. 1977ರ ಹೊತ್ತಿಗೆ ಎಣಿಕೆ 13 ಲಕ್ಷ ಮುಟ್ಟಿತ್ತು. ಜಗತ್ತು ನಿಬ್ಬೆರಗಾಗಿ ನೋಡುವ ಆ ಮಹಾಯಾತ್ರೆಯ ಬೆನ್ನಿಗೆ ದನಗಾಹಿಯ ಹಟ್ಟಿಯ ಆರೋಗ್ಯವಿದೆ.

ಆ ದನಗಾಹಿಗಳಿಗೆ ಸಂದ ಪ್ರತಿಫಲ ಮಾತ್ರ ಬೇರೆ. 1959ರಲ್ಲಿ ಮಸಾಯಿ ಜನರನ್ನು ಸೆರೆಂಗೆಟಿಯಿಂದ ಹೊರಡಿಸಿ ಎನ್‌ಗೊರೊಂಗೊರೊ ಕಡೆಗೆ ಕಳುಹಿಸಲಾಯಿತು. 2022ರ ಜೂನ್‌ನಲ್ಲಿ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ನೆಲಕ್ಕೆ ಗಡಿಕಲ್ಲು ನೆಡಲು ಬಂದಾಗ ಮತ್ತೆ ಘರ್ಷಣೆಯಾಯಿತು. ಸಫಾರಿಯ ಈ ಮುಖ ಪ್ರವಾಸಿಯ ಚಿತ್ರಪಟದಲ್ಲಿ ಬರುವುದಿಲ್ಲ.

ನಮ್ಮಲ್ಲಿ ಅದೇ ದಾರಿ ಹಿಡಿಯುವ ಸೂಚನೆಗಳಿವೆ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಘೋರ ಕೃತ್ಯ, ಸಂದೇಹವಿಲ್ಲ. ಅದರ ಬೆನ್ನಿಗೇ ಕಾಡಿನಲ್ಲಿ ದನ-ಕುರಿ ಮೇಯಿಸುವುದನ್ನು ನಿಷೇಧಿಸುವ ಮಾತು ಸರ್ಕಾರದಿಂದ ಬಂತು. ಹುಲಿಯ ಕಾಡಿಗೆ ಆ ನಿಯಮ ಹೊಂದುವುದೋ ಇಲ್ಲವೋ, ಚರ್ಚೆ ನಡೆಯಲಿ. ಬಯಲುಸೀಮೆಯ ಹುಲ್ಲಿಗೆ ಅದನ್ನು ಹೊರಿಸುವುದು ಅವೈಜ್ಞಾನಿಕ. ಹದವಾಗಿ ಮೇಯ್ದ ಹುಲ್ಲು ಮತ್ತೆ ಚಿಗುರುತ್ತದೆ. ಕುರಿಗಾಹಿಯ ಹಿಂಡನ್ನು ಹೊಲದಲ್ಲಿ ತರುಬಿಸಿ ಗೊಬ್ಬರ ಪಡೆಯುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಳ ಆಗಾಗ ಕುರಿ ಒಯ್ಯುತ್ತದೆ. ಆ ನಷ್ಟಕ್ಕೆ ಪರಿಹಾರ ತಡಮಾಡದೆ ಕೈಸೇರಿದರೆ ತೋಳವನ್ನೂ ಕುರುಬನೇ ಕಾಯುವನು.

ಒಳ್ಳೆಯ ಹೆಜ್ಜೆಗಳೂ ಆಗಿವೆ. ಬೀಳಗಿ-ಮುಧೋಳ ಸೀಮೆಯ ಯಡಹಳ್ಳಿಯಲ್ಲಿ ಸುಮಾರು 96 ಚದರ ಕಿಲೋಮೀಟರ್ ನೆಲ 2016ರಲ್ಲಿ ಚಿಂಕಾರ ಧಾಮವಾಯಿತು. ಗಣಿಯ ಬಾಯಿಗೆ ಹೋಗಲಿದ್ದ ಕಪ್ಪತಗುಡ್ಡವನ್ನು ಗದುಗಿನ ಜನ ಬೀದಿಗಿಳಿದು ಉಳಿಸಿಕೊಂಡರು. 2019ರಲ್ಲಿ ಅದು ವನ್ಯಧಾಮವಾಯಿತು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ನೆಲ ತೋಳಗಳಿಗೆ ಮೀಸಲಾಗಿದೆ. ಆದರೆ ಧಾಮಗಳ ನಡುವೆ ಉಳಿದಿರುವ ಸಾವಿರಾರು ತುಂಡು ಗಾಯರಾಣಗಳಿಗೆ ದಿಕ್ಕಿಲ್ಲ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನತಾ ದಾಖಲಾತಿಯೂ ಇರಬೇಕು. ಹೂಲಿ, ಸವದತ್ತಿ, ರಾಮದುರ್ಗ, ಕಿತ್ತೂರು ಸೀಮೆಯ ವಿದ್ಯಾರ್ಥಿಗಳು ಮೃಗಶಿರಾ ಮಳೆಯಿಂದ ದೀಪಾವಳಿಯವರೆಗೆ ತಮ್ಮೂರಿನ ಕುರಿಗಾಹಿಗಳೊಡನೆ ಗಾಯರಾಣ ಸುತ್ತಿ, ಹುಲ್ಲಿನ ಹೆಸರು, ಮೇಯುವ ದನ-ಕುರಿಗಳ ಸಂಖ್ಯೆ, ಕಂಡ ಹಕ್ಕಿ-ಪ್ರಾಣಿ, ಆಕಾರಬಂದಿನಲ್ಲಿರುವ ವಿಸ್ತೀರ್ಣ ಮತ್ತು ಈಗ ಉಳಿದಿರುವ ವಿಸ್ತೀರ್ಣ ಇವನ್ನು ಬರೆದಿಡಲಿ. ಆ ಪಟ್ಟಿ ಗ್ರಾಮಸಭೆಯ ಮುಂದೆ ಬಂದು ದಾಖಲಾತಿಗೆ ಸೇರಬೇಕು. ಪ್ರತಿಯೊಂದನ್ನು ನಮಗೆ ಕಳುಹಿಸಿದರೆ ಊರಿನ ಹೆಸರಿನೊಡನೆ ಈ ಪುಟಗಳಲ್ಲಿಯೇ ಪ್ರಕಟಿಸುತ್ತೇವೆ.