ಅಂಕ ಸಿಗದ ಒಂದು ತರಗತಿ

"ಇದರಿಂದ ನಿನಗೇನು ಲಾಭ?" ಕಳೆದ ಎರಡು ತಿಂಗಳಲ್ಲಿ ಈ ಪ್ರಶ್ನೆಯನ್ನು ಅಬ್ಬಾ ಕೇಳಿದ್ದಾರೆ, ಗೆಳೆಯರು ಕೇಳಿದ್ದಾರೆ, ಒಬ್ಬ ಉಪನ್ಯಾಸಕರೂ ನಗುತ್ತಾ ಕೇಳಿದ್ದಾರೆ. ವಾಣಿಜ್ಯ ವಿಭಾಗದವರಿಗೆ ಲಾಭ-ನಷ್ಟದ ಪ್ರಶ್ನೆ ಕೇಳಿದರೆ ಬೇಸರವಾಗಬಾರದು. ಆದ್ದರಿಂದ ಲೆಕ್ಕವನ್ನೇ ಒಪ್ಪಿಸುತ್ತೇನೆ.

ಭಾನುವಾರ ಬೆಳಿಗ್ಗೆ ಎರಡು ಗಂಟೆ ನಾನು ಅಚ್ಚುಕಲೆ ಕಲಿಯಲು ಹೋಗುತ್ತೇನೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ತಮ್ಮ ಮನೆಯ ಶೆಡ್ಡಿನಲ್ಲಿ ಕಲಿಸುತ್ತಾರೆ. ನಾವು ಏಳು ಮಂದಿ. ಒಬ್ಬರು ಟೈಲರ್, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ದೊಡ್ಡ ಕಲಾವಿದರಾಗಬೇಕೆಂದು ಬಂದವರು ಯಾರೂ ಇಲ್ಲ. ಲಿನೋಲಿಯಂ ಹಾಳೆಯ ಮೇಲೆ ಚಿತ್ರ ಬರೆದು, ಬೇಡದ ಭಾಗವನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆಯಬೇಕು. ಉಬ್ಬಿ ಉಳಿದ ಭಾಗಕ್ಕೆ ರೋಲರ್‌ನಿಂದ ಶಾಯಿ ಹಚ್ಚಿ, ಕಾಗದ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಬೇಕು. ಯಂತ್ರವೇ ಬೇಡ. ಉಳಿಯ ಮುಂದೆ ಎಂದೂ ಕೈ ಇಡಬಾರದು ಎಂಬುದು ಮೊದಲ ಪಾಠ. ನನ್ನ ಎಡಗೈ ಹೆಬ್ಬೆರಳಿನ ಮೇಲಿನ ಗುರುತು ಎರಡನೆಯ ಪಾಠ.

ನಾನು ಮೊದಲು ಕೆತ್ತಿದ್ದು ಕನ್ನಡದಲ್ಲಿ 'ಅಮ್ಮಿ' ಎಂಬ ಪದ. ಕಾಗದ ಎತ್ತಿ ನೋಡಿದರೆ ಅಕ್ಷರಗಳೆಲ್ಲ ಹಿಂದುಮುಂದು! ಅಚ್ಚಿನಲ್ಲಿ ನೇರವಾಗಿ ಬರಬೇಕಾದರೆ ಹಾಳೆಯ ಮೇಲೆ ತಿರುಗಾಮುರುಗಾ ಕೆತ್ತಬೇಕು ಎಂಬುದನ್ನೇ ಮರೆತಿದ್ದೆ. ಮರುವಾರ ಕನ್ನಡವನ್ನು ಬಲದಿಂದ ಎಡಕ್ಕೆ ಕೆತ್ತಿದೆ. ಆಮೇಲೆ ಅದೇ ಪದವನ್ನು ಉರ್ದುವಿನಲ್ಲಿ ಎಡದಿಂದ ಬಲಕ್ಕೆ ಕೆತ್ತಿದೆ. ಮನೆಗೆ ಉರ್ದು, ಕಾಲೇಜಿಗೆ ಕನ್ನಡ ಎಂದು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದ ನನಗೆ, ಅವೆರಡೂ ಒಂದೇ ಮೇಜಿನ ಮೇಲೆ ಜಾಗ ಬದಲಾಯಿಸಿಕೊಂಡಂತೆ ಕಂಡಿತು.

ಆಗ ಮೇಷ್ಟ್ರು ಕಲ್ಲಚ್ಚಿನ ವಿಷಯ ಹೇಳಿದರು. ನಸ್ತಾಲಿಕ್ ಬರಹವನ್ನು ಅಚ್ಚುಮೊಳೆಯಲ್ಲಿ ಜೋಡಿಸುವುದು ಕಷ್ಟ. ಹಾಗಾಗಿ ಉರ್ದು ಪುಸ್ತಕಗಳನ್ನು ಬಹುಕಾಲ ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಪ್ರತಿ ತೆಗೆಯುತ್ತಿದ್ದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದೂ ಕಲ್ಲಚ್ಚಿನಲ್ಲೇ! ಮನೆಗೆ ಬಂದು ದಾದಾ ಅವರ ಹಳೆಯ ಉರ್ದು ಪುಸ್ತಕ ತೆರೆದೆ. ಅದು ಅಚ್ಚಿನ ಅಕ್ಷರವಲ್ಲ, ಯಾರದೋ ಕೈಬರಹ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಅಂದೇ.

ಈಗ ನಷ್ಟದ ಪಟ್ಟಿ. ನಾಲ್ಕು ಭಾನುವಾರಕ್ಕೆ 600 ರೂಪಾಯಿ. ಎರಡನೇ ಕಿರುಪರೀಕ್ಷೆಯ ಅಕೌಂಟೆನ್ಸಿಯಲ್ಲಿ 41 ಇದ್ದ ಅಂಕ 33ಕ್ಕೆ ಇಳಿಯಿತು. ಅಬ್ಬಾ ಗ್ಯಾರೇಜಿನಲ್ಲಿ ಹತ್ತು ಗಂಟೆ ದುಡಿದು ಫೀಸು ಕಟ್ಟುವವರು. "ಇನ್ನು ಸಾಕು, ಬಿಟ್ಟುಬಿಡು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನಾನು ಒಂದು ವಾರ ನನ್ನ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅಚ್ಚಿಗೆ ಹೋದದ್ದು 2 ಗಂಟೆ, ಮೊಬೈಲಿಗೆ ಹೋದದ್ದು 19 ಗಂಟೆ. ಆ 19 ಗಂಟೆಯ ಲಾಭವನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ಪುಟವನ್ನು ಅಬ್ಬಾಗೆ ತೋರಿಸಿದೆ. ಮುಂದಿನ ಪರೀಕ್ಷೆಯವರೆಗೆ ಒಂದು ವಾರ ಬಿಟ್ಟು ಒಂದು ವಾರ ಹೋಗಬಹುದು ಎಂದು ಒಪ್ಪಂದವಾಯಿತು.

ಸ್ನೇಹಿತರೇ, ನಮ್ಮಲ್ಲಿ ಅನೇಕರಿಗೆ ಏನೋ ಒಂದು ಇಷ್ಟವಿದೆ. ಆದರೆ "ಪ್ರೈಜ್ ಬರುತ್ತಾ? ಸರ್ಟಿಫಿಕೇಟ್ ಕೊಡುತ್ತಾರಾ?" ಎಂದು ಕೇಳಿ, ಇಲ್ಲವೆಂದರೆ ಕೈಬಿಡುತ್ತೇವೆ. ಚೆನ್ನಾಗಿ ಬರದಿದ್ದರೂ ಮಾಡುತ್ತಲೇ ಇರುವ ಒಂದು ಕೆಲಸ ಎಲ್ಲರಿಗೂ ಬೇಕು ಎಂಬುದು ನನ್ನ ಅಭಿಪ್ರಾಯ. ತಪ್ಪಾಗಿ ಕೆತ್ತಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಲೆಕ್ಕದ ಪುಸ್ತಕದಲ್ಲೂ ತಪ್ಪನ್ನು ರಬ್ಬರಿನಿಂದ ಅಳಿಸುವಂತಿಲ್ಲ, ಇನ್ನೊಂದು ನಮೂದಿನಿಂದಲೇ ಸರಿಪಡಿಸಬೇಕು. ಪಠ್ಯಪುಸ್ತಕದಲ್ಲಿ ಓದಿದ್ದ ಈ ಮಾತು ನನಗೆ ಅರ್ಥವಾದದ್ದು ಉಳಿ ಹಿಡಿದಾಗ. ಹತ್ತು ಪ್ರತಿಗಳಲ್ಲಿ ಮೂರನೆಯದಕ್ಕೆ ಪೆನ್ಸಿಲಿನಲ್ಲಿ 3/10 ಎಂದು ಬರೆಯುತ್ತಾರೆ. ಹಾಗೆ ಬರೆದ ಮೇಲೆ ಹನ್ನೊಂದನೆಯದನ್ನು ತೆಗೆಯುವುದು ಮೋಸ. ವ್ಯಾಪಾರ ಕಲಿಯುವ ನಮಗೆ ಇದೂ ಒಂದು ಪಾಠವೇ.

ಆದ್ದರಿಂದ ಕಾಲೇಜಿಗೆ ನನ್ನದೊಂದು ವಿನಂತಿ. ಶನಿವಾರ ತರಗತಿ ಮುಗಿದ ಮೇಲೆ ಒಂದು ಕೋಣೆಯನ್ನು ಒಂದು ಗಂಟೆ ನಮಗೆ ಬಿಟ್ಟುಕೊಡಿ. ಸ್ಪರ್ಧೆ ಬೇಡ, ಬಹುಮಾನ ಬೇಡ. ಅಚ್ಚೇ ಆಗಬೇಕೆಂದಿಲ್ಲ, ಹೊಲಿಗೆ, ಖತ್ತಾತಿ, ಮರಗೆಲಸ ಯಾವುದಾದರೂ ಆದೀತು. ಜೀವಿಗಳ ಚಿತ್ರ ಬಿಡಿಸಲು ಸಂಕೋಚಪಡುವವರಿಗೆ ಅಕ್ಷರ, ಎಲೆ, ಜಾಲಿ ವಿನ್ಯಾಸಗಳು ಬೇಕಾದಷ್ಟಿವೆ. ನಾನು ಕೆತ್ತುವುದೂ ಅವನ್ನೇ.

ಪ್ರಿನ್ಸಿಪಾಲರು ಒಪ್ಪಿದರೆ ಚಮಚ ನಾನೇ ತರುತ್ತೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ