ಸಮೀಪದ ಪ್ರವಾಸ

ಶಾಲಾ ಪ್ರವಾಸವೆಂದೊಡನೆ ಮೈಸೂರು, ಜೋಗ, ಧರ್ಮಸ್ಥಳಗಳ ಹೆಸರು ಮುಂದೆ ಬರುತ್ತವೆ. ಬಸ್ಸು ರಾತ್ರಿಯೆಲ್ಲ ಓಡುತ್ತದೆ. ಮಕ್ಕಳು ನಿದ್ದೆಗಣ್ಣಿನಲ್ಲಿಯೇ ಗುಡಿಯನ್ನು ಸುತ್ತಿ ಮತ್ತೆ ಬಸ್ಸು ಹತ್ತುತ್ತಾರೆ. ನಾಲ್ಕು ದಿನಗಳಲ್ಲಿ ಹನ್ನೆರಡು ಸ್ಥಳ ತೋರಿಸಿದೆವೆಂಬ ತೃಪ್ತಿ ಹಿರಿಯರಿಗೆ. ಕಂಡದ್ದೇನೆಂದು ಕೇಳಿದರೆ ಮಕ್ಕಳಿಗೆ ನೆನಪಾಗುವುದು ದಾರಿಯ ಹೋಟೆಲಿನ ಪೂರಿ. ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ನಡುವಣ ವಳಕಮದಿನ್ನಿಯಂಥ ಹಳ್ಳಿಯ ಬಾಲಕನಿಗೆ ಇದರಿಂದ ಇನ್ನೊಂದು ಹಾನಿಯೂ ಉಂಟು. ನೋಡತಕ್ಕದ್ದೆಲ್ಲ ದೂರದಲ್ಲಿದೆ, ತನ್ನ ಸೀಮೆಯಲ್ಲಿ ಏನೂ ಇಲ್ಲವೆಂಬ ಭಾವನೆ ಅವನಲ್ಲಿ ಬೇರೂರುತ್ತದೆ. ಹಿಂದುಳಿದ ಜಿಲ್ಲೆಯೆಂಬ ಮಾತನ್ನು ಪದೇ ಪದೇ ಕೇಳಿದ ಮಗುವಿಗೆ ಪ್ರವಾಸವೂ ಅದನ್ನೇ ಹೇಳಬಾರದು.

ಗುಡಿ, ಚರ್ಚು, ಅರಣ್ಯ ಮೂರನ್ನೂ ಎರಡು ಹಗಲುಗಳಲ್ಲಿ, ರಾತ್ರಿಯ ಪ್ರಯಾಣವಿಲ್ಲದೆ, ಇಲ್ಲಿಂದಲೇ ನೋಡಲು ಸಾಧ್ಯ. ಕಾಲ ಮಾತ್ರ ದೀಪಾವಳಿಯಿಂದ ಶಿವರಾತ್ರಿಯೊಳಗಿರಬೇಕು. ಆಮೇಲಿನ ಬಿಸಿಲಿನಲ್ಲಿ ಬಂಡೆ ಹತ್ತುವುದು ಶಿಕ್ಷೆ.

ಮೊದಲ ದಿನ ಬೆಳಗಿನ ತಂಪಿನಲ್ಲಿ ಮಸ್ಕಿಗೆ ಹೋಗತಕ್ಕದ್ದು. ಬೆಟ್ಟದ ಮಲ್ಲಿಕಾರ್ಜುನನ ದರ್ಶನ ಪಡೆಯುವವರಲ್ಲಿ ಅನೇಕರು ಅದೇ ಊರಿನ ಅಶೋಕನ ಶಾಸನದ ಬಂಡೆಯತ್ತ ಸುಳಿಯುವುದೇ ಇಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವನು ಅದನ್ನು ಗುರುತಿಸಿದನು. ಅದುವರೆಗೆ ತಿಳಿದಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಆ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ. ಕೀರ್ತಿಗಿಂತಲೂ ಮುಖ್ಯವಾದುದು ಅಲ್ಲಿ ಬರೆದಿರುವ ವಿಷಯ. ಧರ್ಮದಿಂದ ದೊರೆಯುವ ಉನ್ನತಿ ದೊಡ್ಡವರಿಗೆ ಮೀಸಲೆಂದು ಎಣಿಸಬೇಡಿರಿ, ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು ಅದರ ಸಾರ. ಇದನ್ನು ಆ ಬಂಡೆಯ ಎದುರಿಗೇ ನಿಂತು ಹೇಳುವ ಗುರುಗಳು ಬೇಕು. ಅದಕ್ಕೆ ಅರ್ಧ ಗಂಟೆ ಸಾಲದು. ಎರಡು ಗಂಟೆಯಾದರೂ ಇರಲಿ.

ಅಲ್ಲಿಂದ ಲಿಂಗಸೂಗೂರಿನ ಮೇಲೆ ಮುದಗಲ್ಲಿಗೆ. ಬಹಮನಿ, ವಿಜಯನಗರಗಳು ಕಾದಾಡಿದ ಆ ಕೋಟೆಯ ಊರಿನಲ್ಲಿ ಕ್ಯಾಥೊಲಿಕ್ ಚರ್ಚೊಂದಿದೆ. ಗೋವೆಯಿಂದ ಬಂದ ಜೆಸುಯಿಟ್ ಪಾದ್ರಿಗಳಿಂದ 16ನೆಯ ಶತಮಾನದಲ್ಲಿ ಇಲ್ಲಿಯ ಕ್ರೈಸ್ತ ಸಮುದಾಯ ಬೆಳೆಯಿತೆಂದು ಗ್ಯಾಝೆಟಿಯರು ಹೇಳುತ್ತದೆ. ಅದೇ ಊರಿನ ಮೊಹರಮ್ಮಿಗೆ ಹಿಂದೂಗಳೂ ಸಾವಿರಗಟ್ಟಲೆ ನೆರೆಯುತ್ತಾರೆ. ಚರ್ಚಿಗೆ ಮೊದಲೇ ತಿಳಿಸಿ, ಪ್ರಾರ್ಥನೆಯ ವೇಳೆ ತಪ್ಪಿಸಿ ಹೋಗುವುದು ಸೌಜನ್ಯ. ಪರಧರ್ಮದವರ ದೇವಾಲಯದಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಪಾಠಪುಸ್ತಕ ಕಲಿಸಲಾರದು. ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದು.

ಇನ್ನು ಅರಣ್ಯ. ರಾಯಚೂರು ಸೀಮೆಯಲ್ಲಿ ಕಾಡೆಲ್ಲಿ ಎಂದು ನಗುವವರುಂಟು. ದಾಂಡೇಲಿಯಂಥ ಮುಗಿಲುಮುಟ್ಟುವ ಮರಗಳು ಇಲ್ಲಿ ಇಲ್ಲ, ನಿಜ. ಆದರೆ ಕಲ್ಲುಗುಡ್ಡ, ಮುಳ್ಳುಪೊದೆಗಳ ಕುರುಚಲು ಕಾಡೂ ಕಾಡೇ. ಎರಡನೆಯ ದಿನ ಸಿಂಧನೂರಿನಿಂದ ಎಡದಂಡೆ ಕಾಲುವೆಯ ಬತ್ತದ ಗದ್ದೆಗಳ ನಡುವೆ ಕಾರಟಗಿ, ಗಂಗಾವತಿಗಳನ್ನು ಹಾದು, ತುಂಗಭದ್ರೆಯನ್ನು ದಾಟಿ ದರೋಜಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. 1994ರಲ್ಲಿ ಕರಡಿಧಾಮವೆಂದು ಸಾರಿದ ಆ ಪ್ರದೇಶವೂ ಇಂಥದೇ ಬಂಡೆ, ಪೊದೆಗಳ ನೆಲ. ಸಂಜೆ ಬಂಡೆಗಳ ಸಂದಿಯಿಂದ ತಾಯಿಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ಇಳಿದು ಬರುವುದನ್ನು ಕಂಡ ಹುಡುಗನು ತನ್ನ ಊರಿನ ಗುಡ್ಡವನ್ನು ಮತ್ತೆ ‘ಬರಡು’ ಎನ್ನಲಿಕ್ಕಿಲ್ಲ. ಅದಕ್ಕೆ ಬೆಂಕಿಯಿಡುವವರನ್ನು ತಡೆದರೂ ತಡೆದಾನು.

ಪಕ್ಕದ ಹಂಪೆಯನ್ನು ಬಿಡುವುದೇ ಎಂದು ಆಕ್ಷೇಪಿಸಬಹುದು. ಬಿಡಬೇಕು. ಹಂಪೆಗೆ ಪ್ರತ್ಯೇಕ ಎರಡು ದಿನ ಬೇಕು. ದಾರಿಯಲ್ಲಿ ಸಿಕ್ಕಿತೆಂದು ಕಲ್ಲಿನ ರಥದೆದುರು ಹತ್ತು ನಿಮಿಷ ನಿಲ್ಲಿಸಿ ಓಡಿಸುವುದು ಹಂಪೆಗೂ ಮಕ್ಕಳಿಗೂ ಅನ್ಯಾಯ. ಕರಡಿ ಕಾಣುವುದು ಇಳಿಹೊತ್ತಿನಲ್ಲಿ ಆದ್ದರಿಂದ ಆ ರಾತ್ರಿ ಹೊಸಪೇಟೆಯಲ್ಲಿ ತಂಗಿ, ಬೆಳಗಾದ ಮೇಲೆ ಹೊರಡುವುದು ಕ್ಷೇಮ. ಖರ್ಚು ತುಸು ಹೆಚ್ಚಾದೀತು. ಮೊದಲ ದಿನದ ಬುತ್ತಿಯನ್ನು ಮನೆಯಿಂದಲೇ ಕಟ್ಟಿಸಿದರೆ, ಎಂದರೆ ಕಟಕರೊಟ್ಟಿ, ಶೇಂಗಾಚಟ್ನಿ, ಮೊಸರು ಇದ್ದರೆ, ಆ ಹಣದ ಒಂದು ಪಾಲು ಅಲ್ಲಿಯೇ ಉಳಿಯುತ್ತದೆ.