ಎರಡನೇ ಸಹಿ

ರಾತ್ರಿ ಹೊತ್ತು ಜಿಲ್ಲಾಸ್ಪತ್ರೆಗೆ ಮನೆಯವರು ಯಾರನ್ನಾದರೂ ಹಿಡಿದುಕೊಂಡು ಬಂದರೆ ಮಾತೆಲ್ಲ ಅವರದೇ. ಅಣ್ಣ ಹೇಳುತ್ತಾನೆ, ಚಿಕ್ಕಪ್ಪ ತಿದ್ದುತ್ತಾನೆ, ಆಟೊದವನೂ ತನ್ನ ಪಾಲು ಸೇರಿಸುತ್ತಾನೆ. ‘ನಿದ್ದೇನೇ ಮಾಡ್ತಿಲ್ಲ ಸಾರ್, ಮನೆ ಸಾಮಾನೆಲ್ಲ ಒಡೆದುಹಾಕ್ತಾನೆ, ಅಡ್ಮಿಟ್ ಮಾಡ್ಕೊಳ್ಳಿ.’ ನಡುವೆ ಕೂತವನನ್ನು ಯಾರೂ ಮಾತಾಡಿಸುವುದಿಲ್ಲ. ಅವನನ್ನು ಮಾತಾಡಿಸುವುದಕ್ಕೆಂದೇ ಒಬ್ಬರು ಬೇಕು.

ಇಂಗ್ಲೆಂಡಿನಲ್ಲಿ ಅಂಥವರಿದ್ದಾರೆ. ಅಲ್ಲಿನ 1983ರ ಮಾನಸಿಕ ಆರೋಗ್ಯ ಕಾಯ್ದೆಗೆ 2007ರಲ್ಲಿ ತಿದ್ದುಪಡಿಯಾದ ಮೇಲೆ ಅವರಿಗೆ ‘ಅಪ್ರೂವ್ಡ್ ಮೆಂಟಲ್ ಹೆಲ್ತ್ ಪ್ರೊಫೆಷನಲ್’ ಎಂಬ ಉದ್ದನೆಯ ಹೆಸರು. ಹೆಚ್ಚಿನವರು ಸಮಾಜ ಕಾರ್ಯಕರ್ತರು. ನರ್ಸ್, ಮನಶ್ಶಾಸ್ತ್ರಜ್ಞರೂ ಆಗಬಹುದು, ವೈದ್ಯರು ಮಾತ್ರ ಆಗುವಂತಿಲ್ಲ. ಒಲ್ಲೆ ಎನ್ನುವವರನ್ನು ಆಸ್ಪತ್ರೆಗೆ ಸೇರಿಸಲು ಇಬ್ಬರು ವೈದ್ಯರು ಶಿಫಾರಸು ಬರೆದ ಮೇಲೂ, ಸಾಮಾನ್ಯವಾಗಿ ಅರ್ಜಿ ಹಾಕಬೇಕಾದವರು ಇವರು. ರೋಗಿಯನ್ನು ಖುದ್ದು ಮಾತಾಡಿಸಿ, ಮನೆಯಲ್ಲೇ ಚಿಕಿತ್ಸೆ ಸಾಕು ಅನ್ನಿಸಿದರೆ ಸಹಿ ಹಾಕದೆ ಎದ್ದುಹೋಗಬಹುದು.

ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, 30 ದಿನಗಳವರೆಗೆ ಹೀಗೆ ದಾಖಲಿಸಿಕೊಳ್ಳಲು ಅರ್ಜಿ ಹಾಕುವವರು ರೋಗಿಯ ನಾಮನಿರ್ದೇಶಿತ ಪ್ರತಿನಿಧಿ. ಹಾಗೊಬ್ಬರನ್ನು ಮೊದಲೇ ಹೆಸರಿಸಿಟ್ಟವರು ನಮ್ಮಲ್ಲಿ ಯಾರಿದ್ದಾರೆ? ಹೆಸರಿಸದಿದ್ದರೆ ಆ ಜಾಗ ಬಂಧುವಿಗೆ. ಅಂದರೆ ಹಿಡಿದು ತಂದ ಅಣ್ಣನೇ ರೋಗಿಯ ಪರ ನಿಲ್ಲಬೇಕಾದವನೂ ಹೌದು. ಅಣ್ಣನ ಮೇಲೆ ನನಗೆ ಅನುಮಾನವಿಲ್ಲ, ಪಾಪ, ಅವನಿಗೂ ನಿದ್ದೆಯಿಲ್ಲ. ಆದರೆ ಕೆಲವು ಮನೆಗಳಲ್ಲಿ ಆಸ್ತಿಯ ಪಾಲು, ಜಾತಿ ಬಿಟ್ಟು ಮದುವೆಯಾಗುತ್ತೇನೆಂಬ ಮಗಳ ಹಟ ಎಲ್ಲವೂ ‘ತಲೆ ಕೆಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಸಮಾಜದ ರೀತಿನೀತಿಗೆ ಒಗ್ಗದಿರುವುದನ್ನು ಕಾಯಿಲೆ ಎನ್ನಬಾರದೆಂದು ಇದೇ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಹೆಂಗಸರನ್ನು ಹೀಗೆ ದಾಖಲಿಸಿದರೆ ಏಳು ದಿನ ಕಾಯದೆ ಮೂರೇ ದಿನದಲ್ಲಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು ಎಂದೂ ಹೇಳಿದೆ. ಕಾಯ್ದೆ ಬರೆದವರಿಗೆ ನಮ್ಮ ಮನೆಗಳು ಗೊತ್ತಿದ್ದವು.

ಅವರು ಇನ್ನೊಂದು ದಾರಿಯನ್ನೂ ಬಿಟ್ಟಿದ್ದಾರೆ. ರೋಗಿಯನ್ನು ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ತನಗೆ ತಾನೇ ಅಪಾಯ ಮಾಡಿಕೊಳ್ಳುವ, ಇನ್ನೊಬ್ಬರ ಮೇಲೆರಗುವ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಿದೆ ಎಂದು ಇಬ್ಬರಿಗೂ ಮನವರಿಕೆಯಾಗಬೇಕು. ಒಬ್ಬರು ಮನೋವೈದ್ಯರೇ ಆಗಿರಬೇಕು. ಇನ್ನೊಬ್ಬರು ಸಾಮಾನ್ಯ ವೈದ್ಯರಾದರೂ ಸರಿ, ನೋಂದಾಯಿತ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾದರೂ ಸರಿ. ಡ್ಯೂಟಿ ಡಾಕ್ಟರು ಮೊದಲಿನವರ ಬರಹ ನೋಡಿ ಅದರ ಕೆಳಗೇ ಸಹಿ ಹಾಕಿದರೆ ಈ ಎರಡನೇ ಪರೀಕ್ಷೆಗೆ ಅರ್ಥವಿಲ್ಲ.

ಆ ಸಹಿ ಸಮಾಜ ಕಾರ್ಯಕರ್ತರದಾಗಲಿ. ನಿಮ್ಹಾನ್ಸ್ ಇಂಥವರನ್ನು ದಶಕಗಳಿಂದ ತಯಾರು ಮಾಡುತ್ತಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಅವರಿಗೆ ಹುದ್ದೆಯೂ ಇದೆ. ಮಾತ್ರೆ ಯಾಕೆ ನಿಲ್ಲಿಸಿದೆ, ಕೂಲಿ ಯಾವಾಗಿನಿಂದ ತಪ್ಪಿತು, ಊಟಕ್ಕೆ ಕರೆಯುವವರು ಯಾರು, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಮನೆಯಲ್ಲಿ ಎಲ್ಲಿಟ್ಟಿದ್ದೀರಿ ಎಂದೆಲ್ಲ ಕೇಳಲು ಕಲಿತವರು ಅವರು. ಕೇಳಬೇಕಾದ್ದು ಮನೆಯವರನ್ನು ಹೊರಗೆ ಕೂರಿಸಿ.

ಸಹಿ ಹಾಕದೆ ಮನೆಗೆ ಕಳಿಸಿದ ರಾತ್ರಿಯೇ ಏನಾದರೂ ಆದರೆ? ಈ ಹೆದರಿಕೆ ಸುಳ್ಳಲ್ಲ, ಎಷ್ಟೋ ಸಲ ದಾಖಲಾತಿಯೇ ಜೀವ ಉಳಿಸುತ್ತದೆ. ಹಾಗಾಗಿ ಬೇಡ ಎಂದವರು ಕಾರಣ ಬರೆಯಬೇಕು. ಮಾತ್ರೆ ಯಾರ ಕೈಯಲ್ಲಿರಬೇಕು, ಮರುದಿನ ಯಾರು ಮನೆಗೆ ಹೋಗಿ ನೋಡಬೇಕು ಎಂಬುದನ್ನೂ ಬರೆಯಬೇಕು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಆ ಚೀಟಿಯಲ್ಲಿರಲಿ. ಆದರೆ ಹೋಗಿ ನೋಡುವ ಕೆಲಸಕ್ಕೆ ಫೋನ್ ಸಾಲದು. ಅದಕ್ಕೆ ಪ್ರತಿ ತಾಲ್ಲೂಕಿಗೂ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಬೇಕು.